ಮುಂಗೈ ಬಾರಿಸಿದ ಎಂಟು ನಿಮಿಷ

ಗದಗಿನಲ್ಲಿ ಕೂತವನೊಬ್ಬ ಡ್ರಮ್ಮಿಗೆ ಕೊಟ್ಟ ಪೆಟ್ಟು ಧಾರವಾಡದಲ್ಲಿ ಕೂತವಳ ಕಿವಿಗೆ ಅದೇ ಕ್ಷಣದಲ್ಲಿ ಬೀಳುವ ಹಾಗಿದ್ದರೆ?

ನೀಲಾಂಬಿಕೆ ಈ ಒಂದು ಪ್ರಶ್ನೆಗೆ ಆರು ವರ್ಷ ಸುರಿದಿದ್ದಳು. ಕೇಳಿದವರು ಇದೇನು ಮಹಾ ಅನ್ನುತ್ತಿದ್ದರು. ಫೋನಿನಲ್ಲಿ ಮಾತಾಡುವುದಿಲ್ಲವೇ, ಮುಖ ನೋಡಿಕೊಂಡು ಹರಟೆ ಹೊಡೆಯುವುದಿಲ್ಲವೇ? ಮಾತಿಗೆ ಅದು ನಡೆಯುತ್ತದೆ ಸ್ವಾಮಿ, ತಾಳಕ್ಕೆ ನಡೆಯುವುದಿಲ್ಲ. ಒಂದು ಸೆಕೆಂಡನ್ನು ಇಪ್ಪತ್ತೈದು ಪಾಲು ಮಾಡಿ ಅದರಲ್ಲಿ ಒಂದೇ ಒಂದು ಪಾಲು ತಡವಾದರೂ ಸಾಕು, ಇವಳು ಅವನಿಗಾಗಿ ಕಾಯುತ್ತಾಳೆ, ಅವನು ಇವಳಿಗಾಗಿ ಕಾಯುತ್ತಾನೆ, ನೀ ಮುಂದೆ ನಡೆ ನಾ ಬಂದೆ ಅನ್ನುತ್ತಲೇ ಇಬ್ಬರೂ ಸೇರಿ ಹಾಡನ್ನು ನೆಲಕ್ಕೆ ಕೂರಿಸುತ್ತಾರೆ.

ನೀಲಾ ಧಾರವಾಡದ ಎಂಜಿನಿಯರಿಂಗ್ ಕಾಲೇಜೊಂದರಲ್ಲಿ ಸಿಗ್ನಲ್ ಲ್ಯಾಬ್ ನೋಡಿಕೊಳ್ಳುತ್ತಿದ್ದವಳು. ನಲವತ್ತೇಳು ವಯಸ್ಸು, ಮಾತು ಚುರುಕು, ಕೀಬೋರ್ಡಿನ ಮೇಲೆ ಕೈ ಅದಕ್ಕಿಂತ ಚುರುಕು. ಶಬ್ದ ಬರುವ ತನಕ ಕಾಯುವುದೇಕೆ ಎಂದು ಅವಳು ಲೆಕ್ಕ ಹಾಕಿದಳು. ಒಬ್ಬ ಮನುಷ್ಯನ ಕೈ ಮುಂದೆ ಏನು ಬಾರಿಸುತ್ತದೆ ಎಂದು ಊಹಿಸಿ, ಅದನ್ನು ಮೊದಲೇ ಬಾರಿಸಿಬಿಟ್ಟರೆ ಆಯಿತಲ್ಲ! ಹಾಗೆ ಹುಟ್ಟಿದ್ದು ಊಟದ ಡಬ್ಬಿಯಷ್ಟು ದೊಡ್ಡದೊಂದು ಪೆಟ್ಟಿಗೆ. ಐದಾರು ತಿಂಗಳು ಒಬ್ಬರ ಕೈಯನ್ನು ಕೇಳಿಸಿದರೆ ಅದು ಅವರ ಪೆಟ್ಟು, ತಡೆ, ಚಾಳಿ ಎಲ್ಲವನ್ನೂ ಕಲಿಯುತ್ತಿತ್ತು. ಆಮೇಲೆ ನಿಜವಾದ ಪೆಟ್ಟು ತಂತಿಯಲ್ಲಿ ಬಂದು ಮುಟ್ಟುವ ಮೊದಲೇ ಅದನ್ನು ತಾನೇ ನುಡಿಸುತ್ತಿತ್ತು. ನಿಜವಾದದ್ದು ಬಂದಾಗ ತಾಳೆ ನೋಡಿ, ಹೆಚ್ಚುಕಡಿಮೆ ಇದ್ದರೆ ಮುಂದಿನದನ್ನು ತಿದ್ದಿಕೊಳ್ಳುತ್ತಿತ್ತು. ಕೈಗಿಂತ ಮುಂದೆ ಓಡುವ ಕೈ ಎಂದು ನೀಲಾ ಅದಕ್ಕೆ ಮುಂಗೈ ಎಂದು ಹೆಸರಿಟ್ಟಳು.

ಅದನ್ನು ಬಳಸುತ್ತಿದ್ದವರು ಲೋಕದಲ್ಲಿ ಮೂರೇ ಜನ. ಧಾರವಾಡದಲ್ಲಿ ನೀಲಾ. ಕಾರವಾರದಲ್ಲಿ ಗಿಟಾರಿನ ಗಿಲ್ಬರ್ಟ್ ಫರ್ನಾಂಡಿಸ್, ಬಂದರಿನಲ್ಲಿ ಕ್ರೇನ್ ನಡೆಸುವವನು. ಗದಗಿನಲ್ಲಿ ಇಮಾಮಸಾಬ ನದಾಫ್, ಅರವತ್ತೊಂದರ ಹಿರಿಯ, ನಲವತ್ತು ವರ್ಷ ಮದುವೆ ಬ್ಯಾಂಡಿನಲ್ಲಿ ಡ್ರಮ್ ಹೊಡೆದ ಕೈ. ಸಂಗೀತದ ಹುಚ್ಚರು ಸೇರುವ ಜಾಲತಾಣವೊಂದರಲ್ಲಿ ಗಿಲ್ಬರ್ಟ್ ಏಳು ಮಾತ್ರೆಯ ಒಂದು ಗಿಟಾರ್ ತುಣುಕು ಹಾಕಿ, ಇದಕ್ಕೆ ಯಾರಾದರೂ ತಾಳ ಹಾಕಿ ನೋಡೋಣ ಎಂದು ಸವಾಲು ಎಸೆದಿದ್ದ. ಮೂರನೇ ದಿನ ಗದಗಿನಿಂದ ಉತ್ತರ ಬಂತು. ಗಿಲ್ಬರ್ಟ್ ಅರ್ಧ ಗಂಟೆ ಅದನ್ನೇ ಮತ್ತೆ ಮತ್ತೆ ಕೇಳಿದನಂತೆ. ಅದಕ್ಕೆ ನೀಲಾ ಕೀಬೋರ್ಡ್ ಸೇರಿಸಿದಳು. ಗುಂಪಿಗೆ 'ಮೂರೂರು' ಎಂದು ಹೆಸರಾಯಿತು. ಐದು ವರ್ಷ ಕೂಡಿ ನುಡಿಸಿದರೂ ಮೂವರೂ ಒಂದೇ ಕೋಣೆಯಲ್ಲಿ ಒಮ್ಮೆಯೂ ಕೂತವರಲ್ಲ.

ಅವರು ನುಡಿಸುತ್ತಿದ್ದದ್ದು ಪ್ರೋಗ್ರೆಸಿವ್ ರಾಕ್. ಎಂದರೆ ಹಾಡು ಇಪ್ಪತ್ತು ನಿಮಿಷ, ನಡುವೆ ನಾಲ್ಕು ಸಲ ತಾಳ ಬದಲು, ಕೇಳುವವರ ತಾಳ್ಮೆಗೆ ಪರೀಕ್ಷೆ. ಮೊದಲ ಆಲ್ಬಮ್ಮಿಗೆ ಐದು ಹಾಡು. ಕೊನೆಯದು 'ಮೆರವಣಿಗೆ', ಇಪ್ಪತ್ತೆರಡು ನಿಮಿಷ. ಒಂದು ಸಂಗೀತ ಕಂಪನಿಯವರು ಬಂದು, ಎಲ್ಲಾ ಚೆನ್ನಾಗಿದೆ, ಈ ಕೊನೆಯದನ್ನು ನಾಲ್ಕು ನಿಮಿಷಕ್ಕೆ ಇಳಿಸಿ ಎಂದರು.

"ಮದುಮಗನ್ನ ಊರ ಅಗಸಿ ಬಾಗಲದಾಗ ಇಳಿಸಿ ಬರ್ರಿ ಅಂದಂಗಾತು," ಎಂದು ಇಮಾಮಸಾಬ ನಕ್ಕಿದ್ದರು. "ನಮ್ಮದು ನಾವ ಬಿಡೂಣು ನೀಲಕ್ಕಾ. ಕೇಳಾವ್ರು ಕೇಳ್ತಾರ."

ಹಾಗೆ ಯಾರ ಹಂಗೂ ಬೇಡವೆಂದು ತಾವೇ ಬಿಡುಗಡೆಗೆ ದಿನ ಗೊತ್ತುಮಾಡಿದರು. ಎರಡು ಸಾವಿರದ ಚಿಲ್ಲರೆ ಜನ ಹೆಸರು ಬರೆಸಿ ಕಾಯುತ್ತಿದ್ದರು.

ಈ ಗುಂಪಿಗೊಂದು ಕಟ್ಟಳೆ ಇತ್ತು. ಅದು ಇಮಾಮಸಾಬರು ಬ್ಯಾಂಡಿನಿಂದ ತಂದದ್ದು: ಹೊಡೆಯಲು ಶುರುಮಾಡಿದ ಮೇಲೆ ಮೆರವಣಿಗೆ ಮನೆ ಮುಟ್ಟುವ ತನಕ ನಿಲ್ಲಿಸಕೂಡದು. ಯಾರು ತಪ್ಪಿದರೂ ಉಳಿದವರು ಮುಂದೆ ನಡೆಯಬೇಕು. ಆದ್ದರಿಂದ ನುಡಿಸುವಾಗ ಮಾತಿನ ಮೈಕು ಬಂದ್, ಕ್ಯಾಮೆರಾ ಬಂದ್. ಗದಗಿನ ಮನೆಯಲ್ಲೂ ಹಾಗೆಯೇ. ಅವರು ರಬ್ಬರ್ ಪ್ಯಾಡಿನ ಡ್ರಮ್ಮಿನ ಮುಂದೆ ಹೆಡ್‌ಫೋನ್ ಹಾಕಿಕೊಂಡು ಕೂತರೆಂದರೆ ಆ ಕೋಣೆಗೆ ಅವರ ಹೆಂಡತಿ ಮಾಬೂಬಿಯೂ ಕಾಲಿಡುತ್ತಿರಲಿಲ್ಲ.

ಮುಂಗೈಗೆ ನೀಲಾ ಒಂದು ಕಡಿವಾಣ ಹಾಕಿದ್ದಳು. ನಿಜವಾದ ಕೈ ಎರಡು ಸೆಕೆಂಡು ಬರದಿದ್ದರೆ ಪೆಟ್ಟಿಗೆ ಸುಮ್ಮನಾಗಬೇಕು, ಅವಳ ಮೇಜಿನ ಮೇಲೆ ಕೆಂಪು ದೀಪ ಹತ್ತಬೇಕು. ಆದರೆ ಗದಗಿನ ಲೈನು ಹೇಳದೆ ಕೇಳದೆ ಹೋಗುತ್ತಿತ್ತು. 'ಮೆರವಣಿಗೆ' ಏಳು ಸಲ ನಡುದಾರಿಯಲ್ಲೇ ಕೆಟ್ಟಿತು. ಎಂಟನೆಯ ಸಲಕ್ಕೆ ನೀಲಾ ರೇಗಿ ಮೂರೂ ಊರಿನ ಪೆಟ್ಟಿಗೆಗಳ ಕಡಿವಾಣ ಕಿತ್ತುಹಾಕಿದಳು. ಲೈನು ಬರುವ ತನಕ ಮುಂಗೈ ತಾನೇ ನಡೆಸಲಿ, ನಿಜವಾದ ಪೆಟ್ಟನ್ನು ಆಮೇಲೆ ಕೂರಿಸಿದರಾಯಿತು ಎಂದುಕೊಂಡಳು. ಕೆಂಪು ದೀಪ ಮಾತ್ರ ಮಿಣಕ್ ಮಿಣಕ್ ಅಂದು ತಲೆ ತಿನ್ನುತ್ತಿತ್ತು. ಹಣೆಯ ಟಿಕಳಿ ತೆಗೆದು ಅದರ ಮೇಲೆ ಅಂಟಿಸಿದಳು.

ಆ ಎಂಟನೆಯ ಸಲ, ಭಾನುವಾರ ಮಧ್ಯಾಹ್ನ ಮೂರಕ್ಕೆ ಶುರುಮಾಡಿದರು. ಅಂದಿನ ಹಾಗೆ ಅವರು ಎಂದೂ ನುಡಿಸಿರಲಿಲ್ಲ. ಕೊನೆಯ ಹನ್ನೊಂದು ಮಾತ್ರೆಯ ಓಟದಲ್ಲಿ ಡ್ರಮ್ಮು ಎಷ್ಟು ಗಟ್ಟಿಯಾಗಿ ನಿಂತಿತ್ತೆಂದರೆ ನೀಲಾ ಒಬ್ಬಳೇ ಇದ್ದ ಲ್ಯಾಬಿನಲ್ಲಿ "ಹಾಂ, ಹೊಡೀರಿ!" ಎಂದು ಕೂಗಿದಳು. ಕೊನೆಯ ಪೆಟ್ಟು ಬಿತ್ತು. ಮೈಕು ಹಾಕಿದಳು.

"ಇಮಾಮಣ್ಣಾ, ಏನ್ ಬಾರಿಸಿದ್ರಿ! ಕೈಗೆ ಬಂಗಾರದ ಕಡಗ ಹಾಕಬೇಕು ನಿಮಗ."

"ಮಾರಾಯ್ರೇ, ನನಗೆ ಕಣ್ಣಲ್ಲಿ ನೀರು ಬಂತು," ಎಂದ ಗಿಲ್ಬರ್ಟ್.

ಗದಗಿನಿಂದ ಉತ್ತರ ಬರಲಿಲ್ಲ. ನಮಾಜಿಗೆ ಎದ್ದಿರಬೇಕು ಎಂದುಕೊಂಡರು. ಇಪ್ಪತ್ತು ನಿಮಿಷದ ಮೇಲೆ ಮಾಬೂಬಿಯ ಫೋನು ಬಂತು. ಅವರು ಕೂತಲ್ಲೇ ಪ್ಯಾಡಿನ ಮೇಲೆ ಬಿದ್ದಿದ್ದರು. ಹುಬ್ಬಳ್ಳಿಯ ಆಸ್ಪತ್ರೆಗೆ ಒಯ್ಯುತ್ತಿರುವಾಗ ಅಣ್ಣಿಗೇರಿ ದಾಟುವ ಹೊತ್ತಿಗೆ ಉಸಿರು ನಿಂತಿತು.

ನೀಲಾ ಆ ಮನೆಯನ್ನು ಮೊದಲ ಸಲ ನೋಡಿದ್ದು ಮೂರನೆಯ ದಿನದ ಪ್ರಾರ್ಥನೆ, ಜಿಯಾರತಿಗೆ ಹೋದಾಗ. ಐದು ವರ್ಷ ಕಿವಿಯಲ್ಲಿ ಕೇಳಿದ ಕೋಣೆ ಅಷ್ಟು ಸಣ್ಣದೇ ಎನಿಸಿತು. ಬಂದವರೆಲ್ಲ ಒಂದೇ ಮಾತು ಆಡುತ್ತಿದ್ದರು: ಪುಣ್ಯವಂತ, ಹಾಡು ಪೂರಾ ಮುಗಿಸೇ ಹೋದ. ಆ ಮಾತನ್ನು ಮೊದಲು ಆಡಿದವಳು ನೀಲಾಳೇ, ಭಾನುವಾರ ಫೋನಿನಲ್ಲಿ. ಅವಳು ಕಿವಿಯಾರೆ ಕೇಳಿದ್ದಳಲ್ಲ.

ಮಾಬೂಬಿ ಅಡುಗೆಮನೆಯ ಗೋಡೆಗೆ ಆತು ಕೂತಿದ್ದಳು. ನೀಲಾ ಪಕ್ಕದಲ್ಲಿ ಕೂತು ಕೈ ಹಿಡಿದುಕೊಂಡಳು.

"ಆಸ್ಪತ್ರ್ಯಾಗ ಪೋಸ್ಟ್‌ಮಾರ್ಟಮ್ ಮಾಡಿ ನೋಡಿದ್ರು. ತಲಿಯೊಳಗ ಸಣ್ಣಗೆ ರಕ್ತ ಸೋರಾಕತ್ತಿತ್ತಂತ," ಎಂದಳು ಮಾಬೂಬಿ. "ಮೂರ್ ವಾರ ಆಗಿರಬೇಕು ಅಂದ್ರು ಡಾಕ್ಟರು. ಒಂದು ಕೈ ಹಿಂದ ಬೀಳತೈತಿ, ನಿಮಗ್ಯಾರಿಗೂ ಗೊತ್ತಾಗಲಿಲ್ಲೇನು ಅಂತ ಕೇಳಿದ್ರು. ಮೊದ್ಲ ಬಂದಿದ್ರ ತೂತು ಹಾಕಿ ತಗೀತಿದ್ರಂತ. ನಾ ಏನ್ ಹೇಳ್ಲಿ ನೀಲಕ್ಕಾ? ಒಂದ್ಸಲ ಕೈಯಾಗಿನ ಚಾ ಕಪ್ ಬಿತ್ತು. ವಯಸ್ಸಾತು ಬಿಡು ಅಂತ ನಕ್ರು. ನಾನೂ ನಕ್ಕೆ."

"ಯಾವ ಕೈರಿ ವೈನಿ?"

"ಎಡಗೈ."

ನೀಲಾ ಹಿಡಿದಿದ್ದ ಕೈ ಬಿಟ್ಟಳು. ಎರಡು ಭಾನುವಾರದ ಹಿಂದೆ, ನುಡಿಸಿ ಮುಗಿದ ಮೇಲೆ, ಇಮಾಮಸಾಬರು ಅವಳನ್ನು ಕೇಳಿದ್ದರು: "ನೀಲಕ್ಕಾ, ಖರೇ ಹೇಳ್ರಿ. ನನ್ನ ಎಡಗೈ ಹಿಂದ ಬೀಳಾಕತ್ತೈತೇನು? ನನಗ್ಯಾಕೋ ಹಂಗ ಅನಸಾಕತ್ತೈತಿ." ಅವಳು ನಕ್ಕು ಹೇಳಿದ್ದಳು: "ಇಲ್ಲ ತಗೀರಿ ಅಣ್ಣಾ, ಗಡಿಯಾರದಂಗ ಐತಿ." ಅವರು ನಂಬಿದ್ದರು. ಅವಳ ಕಿವಿಯನ್ನು ಅವರು ತಮ್ಮ ಕೈಗಿಂತ ಹೆಚ್ಚು ನಂಬುತ್ತಿದ್ದರು.

ಮರುದಿನ ಲ್ಯಾಬಿನಲ್ಲಿ ಅವಳು ಮುಂಗೈಯ ದಾಖಲೆ ತೆರೆದಳು. ನಿಜವಾದ ಪೆಟ್ಟು ಬಂದು ಮುಟ್ಟಿದ ಹೊತ್ತನ್ನು ಪೆಟ್ಟಿಗೆ ಒಂದೊಂದಾಗಿ ಬರೆದಿಟ್ಟಿತ್ತು. ಯಾರೂ ಅದನ್ನು ತೆರೆದು ನೋಡಿರಲಿಲ್ಲ, ನೋಡುವ ಅಗತ್ಯವೇ ಬಿದ್ದಿರಲಿಲ್ಲ. ಹದಿನಾಲ್ಕು ನಿಮಿಷ ಎಂಟನೇ ಸೆಕೆಂಡಿಗೆ ಕೊನೆಯ ಪೆಟ್ಟು. ಆಮೇಲೆ ಏನೂ ಇಲ್ಲ. ಲೈನು ಹೋಗಿರಲಿಲ್ಲ, ಲೈನು ಚೆನ್ನಾಗಿಯೇ ಇತ್ತು. ಕೈ ಇರಲಿಲ್ಲ.

ಎಂಟು ನಿಮಿಷ ಅವರಿಬ್ಬರೂ ಪೆಟ್ಟಿಗೆಯ ಜೊತೆ ನುಡಿಸಿದ್ದರು. ಹೊಡೀರಿ ಎಂದು ಅವಳು ಕೂಗಿದಾಗ ಅವರು ಬಿದ್ದು ಐದು ನಿಮಿಷವಾಗಿತ್ತು.

ಹಿಂದಿನ ವಾರಗಳನ್ನೂ ತೆರೆದಳು. ತಡವಾಗಿ ಬಂದ ಪೆಟ್ಟನ್ನೆಲ್ಲ ಹಾದಿಯ ತಡ ಎಂದು ತಿಳಿದು ತಿದ್ದು ಎಂದು ಮುಂಗೈಗೆ ಕಲಿಸಿದವಳು ಅವಳೇ. ತಂತಿಯ ತಡ ಯಾವುದು, ಕೈಯ ತಡ ಯಾವುದು ಎಂದು ಅದಕ್ಕೆ ಕಲಿಸಿರಲಿಲ್ಲ. ಆದರೆ ತಂತಿ ತಡಮಾಡಿದರೆ ಎರಡೂ ಕೈ ತಡವಾಗಬೇಕು. ಇಲ್ಲಿ ಬಲಗೈ ಜಾಗದಲ್ಲೇ ಇತ್ತು, ಎಡಗೈ ಒಂದೇ ಹಿಂದೆ ಬೀಳುತ್ತಿತ್ತು. ಮೂರು ವಾರದ ಹಿಂದೆ ಸೆಕೆಂಡಿನ ನೂರನೇ ಒಂದು ಪಾಲು. ಮುಂದಿನ ವಾರ ಮೂರು ಪಾಲು. ಕೊನೆಯ ದಿನ ಒಂಬತ್ತನೇ ನಿಮಿಷದಿಂದ ಹತ್ತು ಪಾಲು, ಕುಂಟುತ್ತ ಎಳೆದುಕೊಂಡು ಬಂದಿತ್ತು. ಡಾಕ್ಟರು ಕೇಳಿದ ಪ್ರಶ್ನೆಗೆ ಉತ್ತರ ಅವಳ ಮೇಜಿನ ಮೇಲೆ ಮೂರು ವಾರದಿಂದ ಬರೆದಿಟ್ಟಿತ್ತು. ನೀಲಾ ಬಾಯಿಗೆ ಸೆರಗು ಒತ್ತಿಕೊಂಡು ಅತ್ತಳು.

ಗಿಲ್ಬರ್ಟನಿಗೆ ಎಲ್ಲಾ ಹೇಳಿದಳು.

"ಹೇಳಬೇಡ ಮಾರಾಯ್ತಿ," ಎಂದ ಅವನು. "ಆ ಹೆಂಗಸಿಗೆ ಉಳಿದಿರೋದು ಅದೊಂದೇ ಮಾತು. ಮುಗಿಸಿ ಹೋದ ಅಂತ. ಅದನ್ನೂ ಕಿತ್ಕೊಳ್ತೀಯಾ? ಆಲ್ಬಮ್ ಹಾಗೇ ಬಿಡೋಣ. ಪೆಟ್ಟಿಗೆ ಬಾರಿಸಿದ್ದು ಅಂತ ದೇವರಾಣೆಗೂ ಯಾರಿಗೂ ಗೊತ್ತಾಗಲ್ಲ."

"ನನಗ ಗೊತ್ತೈತಲ್ಲ."

"ನಿನ್ನ ಹೊಟ್ಟೆ ಹಗುರ ಆಗಲಿಕ್ಕೆ ಅವಳ ಮೇಲೆ ಭಾರ ಹಾಕ್ತೀ ಹಾಗಾದರೆ."

ಈ ಮಾತು ನೀಲಾಗೆ ಚುಚ್ಚಿತು. ಅದರಲ್ಲಿ ಸತ್ಯವಿತ್ತು, ಅದಕ್ಕೇ ಚುಚ್ಚಿತು. ನಾಲ್ಕು ದಿನ ಅನ್ನ ಸೇರಲಿಲ್ಲ. ಅವಳ ಗಂಡ ಶಿವಯೋಗಿ ಹೈಸ್ಕೂಲು ಮಾಸ್ತರ, ಉಪದೇಶ ಮಾಡುವವನಲ್ಲ. ಮುಟ್ಟದ ರೊಟ್ಟಿಯನ್ನು ಮತ್ತೆ ಬುಟ್ಟಿಗೆ ಇಡುತ್ತ ಅಷ್ಟೇ ಅಂದ: "ಹೇಳಿದ್ರ ಅವ್ರು ನಿನ್ನ ಬೈತಾರ. ಹೇಳದಿದ್ರ ಆ ಡಾಕ್ಟರ್ ಮಾತು ಹಿಡ್ಕೊಂಡು ಅವ್ರು ತಮ್ಮನ್ನ ತಾವ ಬೈಕೋತ ಕುಂಡರ್ತಾರ. ಯಾವುದು ಬೇಕು ನೋಡು."

ಅದನ್ನು ನೀಲಾ ಯೋಚಿಸಿರಲಿಲ್ಲ. ಮರುದಿನವೇ ಗದಗಿನ ರೈಲು ಹತ್ತಿದಳು.

ಮಾಬೂಬಿ ಅಕ್ಕಿ ಆರಿಸುತ್ತಿದ್ದಳು. ನೀಲಾ ಚಾ ಬೇಡವೆಂದು, ಕೂತವಳೇ ಶುರುಮಾಡಿದಳು. ಪೆಟ್ಟಿಗೆ ಏನು ಮಾಡುತ್ತದೆ ಎಂಬುದರಿಂದ ಹಿಡಿದು ಎಲ್ಲವನ್ನೂ, ಕಡಿವಾಣ ಕಿತ್ತದ್ದು, ದೀಪ ಮುಚ್ಚಿದ್ದು, ಎಡಗೈಯ ಲೆಕ್ಕ, ಅವರು ಕೇಳಿದ್ದು, ತಾನು ಗಡಿಯಾರದಂಗ ಐತಿ ಅಂದದ್ದು, ಒಂದನ್ನೂ ಬಿಡದೆ ಹೇಳಿದಳು. ಮಾಬೂಬಿಯ ಕೈ ಮೊರದ ಮೇಲೆ ನಿಂತುಹೋಯಿತು.

"ಹಂಗಾದ್ರ ಹಾಡು ಮುಗಿದಿದ್ದಿಲ್ಲ."

"ಇಲ್ರಿ ವೈನಿ."

"ಪ್ಯಾಡಿನ ಟಪಟಪ ನಿಂತದ್ದು ನನಗ ಕೇಳಿತ್ತು." ಅವಳ ದನಿ ತೀರ ತಗ್ಗಿತ್ತು. "ಇಲ್ಲೇ ಕುಂತಿದ್ದೆ. ಯಾಕ ಇಷ್ಟು ಲಗೂ ನಿಂತಿತು, ಹೋಗಿ ನೋಡಲೇನು ಅಂತ ಎದ್ದೆ. ಒಳಗ ಹೋದ್ರ ಬೈತಾರ ಅಂತ ಚಾಕ್ಕಿಟ್ಟೆ. ಕರೀತಾರ ಅಂತ ದಾರಿ ನೋಡಿದೆ. ಆಮ್ಯಾಲೆ ನೀವು ಫೋನಿನ್ಯಾಗ ಪೂರಾ ಮುಗಿಸಿದ್ರು ಅಂದ್ರಿ. ಹಂಗಾರ ನನ್ನ ತಪ್ಪಿಲ್ಲ, ಮುಗಿದ ಮ್ಯಾಲೇ ನಿಂತೈತಿ ಅಂತ ಸಮಾಧಾನ ಮಾಡ್ಕೊಂಡಿದ್ದೆ."

ಗಿಲ್ಬರ್ಟ್ ಹೇಳಿದ್ದೂ ನಿಜ, ಶಿವಯೋಗಿ ಹೇಳಿದ್ದೂ ನಿಜ. ಎರಡು ನಿಜಗಳ ನಡುವೆ ಈ ಹೆಂಗಸು ಕೂತಿದ್ದಳು.

"ಅವ್ರು ನಿಮ್ಮನ್ನ ಕೇಳಿದ್ರು," ಎಂದಳು ಮಾಬೂಬಿ. "ನನ್ನ ಕೇಳಲಿಲ್ಲ. ನನಗ ತಾಳ ತಿಳಿಯೂದಿಲ್ಲ ಅಂತ ನಿಮ್ಮನ್ನ ಕೇಳಿದ್ರು. ಏಳ್ರಿ ನೀಲಕ್ಕಾ. ಮನೀಗ್ ಹೋಗ್ರಿ."

ನೀಲಾ ಎದ್ದು ಬಂದಳು. ಬಿಡುಗಡೆಯ ದಿನ ಹಾಗೆಯೇ ಕಳೆದುಹೋಯಿತು. ಕಾದವರು ಕೇಳಿದರು, ಕೆಲವರು ಬೈದರು, ಇವಳು ಯಾರಿಗೂ ಉತ್ತರ ಬರೆಯಲಿಲ್ಲ.

ನೀಲಾ ಹೋಗಿಬಂದ ಇಪ್ಪತ್ತೆರಡನೆಯ ದಿನ ಮಾಬೂಬಿ ತಾನೇ ಫೋನು ಮಾಡಿದಳು. "ಆ ಹಾಡು ಹೊತ್ಕೊಂಡ್ ಬರ್ರಿ. ಕೇಳ್ತೇನಿ. ಎರಡೂ ತರ್ರಿ, ಪೆಟ್ಟಿಗಿ ಹೊಡದದ್ದು, ಅವ್ರು ಹೊಡದದ್ದು."

ಆ ಸಣ್ಣ ಕೋಣೆಯಲ್ಲಿ ಇಬ್ಬರೂ ಕೂತರು. ಗಿಲ್ಬರ್ಟ್ ಕಾರವಾರದಿಂದ ಫೋನಿನಲ್ಲಿ ಜೊತೆಗಿದ್ದ. ಮೊದಲು ಮುಂಗೈಯದು ಹಾಕಿದಳು. ಮಾಬೂಬಿ ಕೊನೆಯ ತನಕ ಕೇಳಿ, "ಇದು ಅವ್ರಲ್ಲ. ಅವ್ರು ವಯಸ್ಸಿನ್ಯಾಗ ಹಿಂಗ ಹೊಡೀತಿದ್ರು," ಎಂದಳು. ಆಮೇಲೆ ದಾಖಲೆಯಲ್ಲಿದ್ದ ನಿಜವಾದ ಪೆಟ್ಟುಗಳನ್ನು ಹಾಕಿದಳು. ಒಂಬತ್ತನೇ ನಿಮಿಷದಿಂದ ಎಡಗೈ ಕುಂಟತೊಡಗಿತು. ಗಿಟಾರು, ಕೀಬೋರ್ಡು ಗತ್ತಿನಿಂದ ಮುಂದೆ ಹೋಗುತ್ತಿದ್ದವು, ಆ ಕೈ ಹಿಂದಿನಿಂದ ಏದುಸಿರು ಬಿಡುತ್ತ ಬರುತ್ತಿತ್ತು. ಹದಿನಾಲ್ಕನೇ ನಿಮಿಷಕ್ಕೆ ನಿಂತಿತು. ಮಾಬೂಬಿ ಸೆರಗಿನಿಂದ ಮುಖ ಮುಚ್ಚಿಕೊಂಡು ಜೋರಾಗಿ ಅತ್ತಳು. ಅವರು ಹೋದಾಗಿನಿಂದ ಅವಳು ಅತ್ತಿರಲೇ ಇಲ್ಲವಂತೆ.

"ಇದನ್ನ ಬಿಡ್ರಿ ಮಂದಿಗೆ," ಎಂದಳು ಆಮೇಲೆ. "ಇದು ಅವ್ರು."

ಫೋನಿನಿಂದ ಗಿಲ್ಬರ್ಟ್ ಮೆಲ್ಲಗೆ ಹೇಳಿದ: "ಆಯ್ತು ಭಾಭಿ. ನಾವಿಬ್ಬರೂ ನಮ್ಮದನ್ನ ಮತ್ತೆ ನುಡಿಸ್ತೇವೆ. ಅವರ ಕೈಗೆ ತಕ್ಕ ಹಾಗೆ, ನಿಧಾನ ಆದಲ್ಲಿ ನಿಧಾನ ಮಾಡಿ, ಅವರಿಗೆ ಕಾದು. ಆಗ ತಪ್ಪು ಅಂತ ಕೇಳಿಸೋದಿಲ್ಲ."

"ಅವತ್ತು ಕಾದ್ರೇನು?"

ಗಿಲ್ಬರ್ಟ್ ಏನೋ ಹೇಳಲು ಹೊರಟ, ಮಾಬೂಬಿ ಬಿಡಲಿಲ್ಲ.

"ಕಾಯಲಿಲ್ಲ. ಇವತ್ತು ಕಾದಂಗ ನಾಟಕ ಮಾಡಬ್ಯಾಡ್ರಿ. ನೀವು ಹೆಂಗ ಹೋದ್ರಿ ಹಂಗ ಇರಲಿ. ಅವ್ರು ನಿಂತ ಮ್ಯಾಲಿನ ಎಂಟು ನಿಮಿಷನೂ ನಿಮ್ಮದು ಇರಲಿ, ಪೆಟ್ಟಿಗಿ ಹೊಡದದ್ದಷ್ಟ ತಗೀರಿ. ನಾ ಚಾ ಕುದಸ್ಕೋತ ಕುಂತಿದ್ದೆ. ನೀವು ಹಾಡು ನಡಸಿದ್ರಿ. ಆಗಿದ್ದು ಅದ. ಅದನ್ನ ಬಿಡ್ರಿ."

ಗಿಲ್ಬರ್ಟ್ ಸರಿ ಅಂದ. ನೀಲಾ ತಲೆ ಆಡಿಸಿದಳು. ಅವಳಿಗೆ ಇದಕ್ಕಿಂತ ದೊಡ್ಡ ಶಿಕ್ಷೆ ಯಾರೂ ಕೊಡಲಾರರು, ಇದಕ್ಕಿಂತ ನ್ಯಾಯವಾದದ್ದನ್ನೂ ಕೊಡಲಾರರು.

ಆಲ್ಬಮ್ ಒಂದು ಮಂಗಳವಾರ ಬೆಳಿಗ್ಗೆ ಹನ್ನೊಂದಕ್ಕೆ ಜಾಲತಾಣಕ್ಕೆ ಏರಿತು. ಜೊತೆಗೆ ಒಂದು ಸಾಲಿನ ವಿವರಣೆಯನ್ನೂ ಹಾಕಲಿಲ್ಲ. ಸಾವನ್ನು ತೋರಿಸಿ ಜನ ಕರೆಯುವುದು ಬೇಡ ಎಂದು ಮಾಬೂಬಿಯೇ ಹೇಳಿದ್ದಳು. ಕೇಳಿದವರು ತಲೆಗೊಂದು ಮಾತು ಬರೆದರು. ಕೊನೆಯ ಎಂಟು ನಿಮಿಷ ಡ್ರಮ್ ನಿಲ್ಲಿಸಿದ್ದು ಎಂಥ ಕಲ್ಪನೆ ಎಂದು ಒಬ್ಬ ಕೊಂಡಾಡಿದ. ಅದನ್ನು ಓದಿ ನೀಲಾ ಕಂಪ್ಯೂಟರ್ ಮುಚ್ಚಿ ಎದ್ದುಹೋದಳು.

ಮುಂಗೈಗೆ ಅವಳು ಕಡಿವಾಣ ಮತ್ತೆ ಹಾಕಿದ್ದಳು. ಒಂದೇ ಕೈ ತಡವಾದರೆ ಕೂಡಲೇ ಬಾರಿಸುವ ಗಂಟೆಯನ್ನೂ ಸೇರಿಸಿದ್ದಳು. ಧಾರವಾಡದ ವೈದ್ಯಕೀಯ ಕಾಲೇಜಿನವರು ಅದನ್ನು ಕೇಳಿ ಪಡೆದಿದ್ದರು. ಬಾರಿಸುವ ಕೈಗಳಿಗಷ್ಟೇ ಅಲ್ಲ, ಟೈಪು ಮಾಡುವ, ಹೊಲಿಯುವ ಕೈಗಳಿಗೂ ಅದು ಬರುತ್ತದೆಂದು ಅವರ ಅಂದಾಜು. ಒಳ್ಳೆಯದೇ. ಆದರೆ ಆ ಗಂಟೆಯ ಸದ್ದು ಕೇಳಿದಾಗಲೆಲ್ಲ ನೀಲಾ ಕೈಯಲ್ಲಿದ್ದ ಕೆಲಸ ಬಿಟ್ಟು ಎದ್ದುನಿಲ್ಲುತ್ತಿದ್ದಳು.

ಎರಡನೆಯ ವಾರ ರಾಯಚೂರಿನಿಂದ ಯಾರೋ ಅಪರಿಚಿತರು ಖಾರವಾಗಿ ಬರೆದರು. ನೀಲಾ ಅದನ್ನು ಮೂರು ಸಲ ಓದಿ, ಗದಗಿಗೆ ಫೋನು ಮಾಡಿದಳು.

"ವೈನಿ, ಒಬ್ರು ಬೈದು ಬರ್ದಾರ. ಓದಲೇನು?"

"ಓದ್ರಿ."

"ಕೊನೆಯ ಹಾಡಿನಲ್ಲಿ ಒಂಬತ್ತನೇ ನಿಮಿಷದಿಂದ ಡ್ರಮ್ಮಿನವರ ಎಡಗೈ ಹಿಂದೆ ಬೀಳುತ್ತಿದೆ. ಅವರಿಗೆ ಏನೋ ತೊಂದರೆಯಾಗಿದೆ ಎಂದು ಸ್ಪಷ್ಟವಾಗಿ ಕೇಳಿಸುತ್ತದೆ. ಜೊತೆಗಿದ್ದವರು ಒಮ್ಮೆ ನಿಲ್ಲಿಸಿ ಏನಾಯಿತು ಎಂದು ಕೇಳಬಾರದಿತ್ತೇ?"

ಮಾಬೂಬಿ ಅದನ್ನು ಇನ್ನೊಮ್ಮೆ ಓದಿಸಿಕೊಂಡಳು.

"ನೀಲಕ್ಕಾ," ಎಂದಳು ಮಾಬೂಬಿ, "ಅವ್ರಿಗೆ ನನ್ನ ಸಲಾಮ್ ಬರೀರಿ. ಯಾರರ ಒಬ್ರಿಗೆ ಕೇಳಿಸ್ತಲ್ಲ."